ಮಲೆನಾಡಿನಿಂದ ಸೇಂಟ್ ಆಂಡ್ರ್ಯೂಸ್‌ಗೆ: ಕಡಲ ದಂಡೆಯ ಗೋಮಾಳದಲ್ಲಿ ಗಾಲ್ಫ್ ಆಡಿ ಬರುವುದು ಹೇಗೆ

ಗಾಲ್ಫ್ ಅಂದ ಕೂಡಲೇ ನಮ್ಮ ಕಡೆ "ಅದು ದುಡ್ಡಿದ್ದವರ ಆಟ, ಕ್ಲಬ್ಬಿನವರ ಆಟ" ಅಂತ ಮಾತು ಮುಗಿಸಿಬಿಡುತ್ತಾರೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಶಿವಮೊಗ್ಗದ ಹತ್ತಿರ ನಮ್ಮದು ಅಡಿಕೆ ತೋಟ. ಆಟ ಕಲಿತಿದ್ದು ನಲವತ್ತು ದಾಟಿದ ಮೇಲೆ, ಚಿಕ್ಕಮಗಳೂರಲ್ಲಿ ಕಾಫಿ ತೋಟ ಇರುವ ಭಾವನ ಜೊತೆ, ಅಲ್ಲಿನ ಗಾಲ್ಫ್ ಕ್ಲಬ್ಬಿನ ಮೈದಾನದಲ್ಲಿ. ಒಂದು ಮೇ ತಿಂಗಳಲ್ಲಿ ನಾವಿಬ್ಬರೂ ಸ್ಕಾಟ್ಲೆಂಡಿಗೆ ಹೋಗಿ, ಸೇಂಟ್ ಆಂಡ್ರ್ಯೂಸ್ ಊರಿನ ಓಲ್ಡ್ ಕೋರ್ಸ್ ಅನ್ನುವ ಗಾಲ್ಫ್ ಮೈದಾನದಲ್ಲಿ ಆಡಿ ಬಂದೆವು. ಅಲ್ಲಿಗೆ ಹೋದ ಮೇಲೆ ನನ್ನ ಮನಸ್ಸಿಗೆ ನಾಟಿದ್ದು ಒಂದೇ ವಿಷಯ. ಗಾಲ್ಫ್‌ನ ತವರು ಅಂತ ಜಗತ್ತೆಲ್ಲ ಕರೆಯುವ ಆ ನೆಲ ಯಾವ ಕ್ಲಬ್ಬಿನ ಆಸ್ತಿಯೂ ಅಲ್ಲ, ಅದು ಊರಿನದು. ನಮ್ಮ ಗೋಮಾಳ ಇದ್ದ ಹಾಗೆ.

ವಾಪಸ್ ಬಂದ ಮೇಲೆ ಸುಮಾರು ಜನ "ನಾವೂ ಹೋಗಬಹುದಾ, ಹೇಗೆ ಹೋಗೋದು" ಅಂತ ಕೇಳಿದರು. ಹೋಗಬಹುದು. ಹೇಗೆ ಅನ್ನೋದನ್ನು ಶುರುವಿನಿಂದ ಬರೆಯುತ್ತೇನೆ.

ಮೊದಲು ಆ ನೆಲ ಎಂಥದು ಅಂತ ತಿಳಿದುಕೊಳ್ಳಿ

ಆ ನೆಲವನ್ನು ಅಲ್ಲಿ ಲಿಂಕ್ಸ್ ಅಂತಾರೆ, ಇಲ್ಲಿ ಅದಕ್ಕೆ ಕೊಂಡಿ ಅಂತ ಅರ್ಥ ಅಲ್ಲ. ಸಮುದ್ರಕ್ಕೂ ಹೊಲಗಳಿಗೂ ಮಧ್ಯೆ ಇರುವ ಮರಳು ದಿಬ್ಬಗಳ ಪಟ್ಟಿಗೆ ಆ ಹೆಸರು. ಉಳುಮೆಗೆ ಬಾರದ ನೆಲ. ಮಳೆ ಬಿದ್ದರೆ ಕೂಡಲೇ ಇಂಗಿ ಹೋಗುತ್ತದೆ, ಫೆಸ್ಕ್ಯೂ ಅನ್ನುವ ಸಣ್ಣ ಗಟ್ಟಿ ಹುಲ್ಲು ಬೆಳೆಯುತ್ತದೆ, ಕುರಿ ಮೇಯುತ್ತವೆ, ಮೊಲ ಬಿಲ ತೋಡುತ್ತವೆ. ಇಂಥ ಕಡೆ ಊರವರು ಬಟ್ಟೆ ಒಣಹಾಕುತ್ತಿದ್ದರು, ಕುರಿ ಕಾಯುತ್ತಿದ್ದರು, ಚೆಂಡು ಹೊಡೆಯುತ್ತಿದ್ದರು. ಆಟದ ಹುಚ್ಚು ಎಷ್ಟಿತ್ತು ಅಂದರೆ ಬಿಲ್ಲುವಿದ್ಯೆ ಕಲಿಯೋದು ಬಿಟ್ಟು ಜನ ಇದರಲ್ಲೇ ಇರುತ್ತಾರೆ ಅಂತ 1457ರಲ್ಲಿ ಸ್ಕಾಟ್ಲೆಂಡಿನ ಎರಡನೇ ಜೇಮ್ಸ್ ರಾಜನ ಕಾಲದಲ್ಲಿ ಗಾಲ್ಫ್‌ಗೆ ನಿಷೇಧ ಬಂದಿತ್ತು.

1552ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಒಂದು ಪತ್ರ ಮಾಡಿಕೊಟ್ಟ. ಮೊಲ ಸಾಕಿಕೊಳ್ಳುವುದು ಅವನಿಗೆ ಇರಲಿ, ಆದರೆ ಆ ನೆಲದಲ್ಲಿ ಕುರಿ-ದನ ಮೇಯಿಸುವ, ಗಾಲ್ಫ್ ಆಡುವ ಹಕ್ಕು ಊರ ಜನರದು ಅಂತ. ಆದರೆ 1797ರಲ್ಲಿ ಊರ ಸಭೆ ದಿವಾಳಿ ಎದ್ದು ಜಾಗವನ್ನು ಮೊಲ ಸಾಕುವ ವ್ಯಾಪಾರಿಗಳ ಕೈಗೆ ಕೊಟ್ಟಿತು. ಮೊಲಗಳು ಆಟದ ಜಾಗವನ್ನೆಲ್ಲ ಅಗೆದು ಹಾಕಿದವು. ವರ್ಷಗಟ್ಟಲೆ ಜಗಳ, ಕೋರ್ಟು ಕಚೇರಿ. ಕೊನೆಗೆ 1821ರಲ್ಲಿ ಪಕ್ಕದ ಜಮೀನ್ದಾರ ಜೇಮ್ಸ್ ಚೀಪ್ ಅದನ್ನು ಕೊಂಡುಕೊಂಡು ಗಾಲ್ಫ್‌ಗೆ ಉಳಿಸಿದ. 1894ರಲ್ಲಿ ಮತ್ತೆ ಊರಿನ ಕೈಗೆ ಬಂತು. 1974ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಲಿಂಕ್ಸ್ ಟ್ರಸ್ಟ್ ಆಯಿತು, ಈಗಲೂ ಅದೇ ನೋಡಿಕೊಳ್ಳುತ್ತಿದೆ. ಗೋಮಾಳ ಒತ್ತುವರಿ ಅಂದರೆ ಏನು ಅಂತ ಕಣ್ಣಾರೆ ನೋಡಿದ ನಮ್ಮ ಕಡೆಯವರಿಗೆ ಈ ಕತೆ ಬೇಗ ಅರ್ಥ ಆಗುತ್ತದೆ, ಅಲ್ವಾ?

ಅಲ್ಲಿ ಒಟ್ಟು ಏಳು ಕೋರ್ಸ್ ಇವೆ. ಓಲ್ಡ್, ನ್ಯೂ, ಜುಬಿಲಿ, ಈಡನ್, ಸ್ಟ್ರ್ಯಾತ್‌ಟೈರಮ್, ಒಂಬತ್ತು ಹೋಲ್‌ನ (ಚೆಂಡನ್ನು ಒಂದು ಗುಳಿಗೆ ಸೇರಿಸುವ ತನಕದ ಆಟದ ಪಟ್ಟಿಗೆ ಹೋಲ್ ಅಂತಾರೆ) ಬ್ಯಾಲ್‌ಗೋವ್, ಮತ್ತೆ 2008ರಲ್ಲಿ ಊರಾಚೆ ಬಂಡೆ ದಂಡೆಯ ಮೇಲೆ ಶುರುವಾದ ಕ್ಯಾಸಲ್ ಕೋರ್ಸ್. ನ್ಯೂ ಅಂತ ಹೆಸರಿದ್ದರೂ ಅದು 1895ರದು.

ಹ್ಯಾಂಡಿಕ್ಯಾಪ್ ಮಾಡಿಸಿ

ಒಂದು ಹೋಲ್‌ಗೆ ಇಷ್ಟು ಹೊಡೆತ ಅಂತ ಇಟ್ಟ ಲೆಕ್ಕಕ್ಕೆ ಪಾರ್ ಅಂತಾರೆ, ಅದಕ್ಕಿಂತ ನೀವು ಒಟ್ಟು ಎಷ್ಟು ಜಾಸ್ತಿ ಹೊಡೆಯುತ್ತೀರಿ ಅನ್ನುವ ಅಂದಾಜೇ ಹ್ಯಾಂಡಿಕ್ಯಾಪ್. ಓಲ್ಡ್ ಕೋರ್ಸ್‌ಗೆ ಹ್ಯಾಂಡಿಕ್ಯಾಪ್ ಪತ್ರ ಬೇಕೇ ಬೇಕು, 36ರ ಒಳಗೆ ಇರಬೇಕು. 36 ಅಂದರೆ ದೊಡ್ಡ ಆಟಗಾರ ಆಗಿರಬೇಕು ಅಂತೇನಲ್ಲ, ಒಂದೊಂದು ಹೋಲ್‌ಗೆ ಪಾರ್‌ಗಿಂತ ಎರಡೆರಡು ಹೊಡೆತ ಜಾಸ್ತಿ ತೆಗೆದುಕೊಂಡರೂ ಸರಿಸುಮಾರು ಅಲ್ಲಿಗೆ ಬರುತ್ತದೆ. ಇಂಡಿಯನ್ ಗಾಲ್ಫ್ ಯೂನಿಯನ್‌ಗೆ ಸೇರಿದ ಯಾವುದಾದರೂ ಕ್ಲಬ್ಬಿನಲ್ಲಿ ಸದಸ್ಯರಾಗಿ, ಆಡಿದ ಸ್ಕೋರುಗಳನ್ನು ಜೊತೆ ಆಟಗಾರರ ಸಹಿ ಹಾಕಿಸಿ ಕೊಡುತ್ತಾ ಹೋದರೆ ಅವರೇ ಲೆಕ್ಕ ಹಾಕಿ ಕೊಡುತ್ತಾರೆ. ನಮ್ಮ ಕಡೆಯವರಿಗೆ ಚಿಕ್ಕಮಗಳೂರು ಹತ್ತಿರ, ಇಲ್ಲದಿದ್ದರೆ ಬೆಂಗಳೂರು. ಹೊರಡುವುದಕ್ಕೆ ಒಂದು ವರ್ಷ ಮೊದಲೇ ಇದನ್ನು ಶುರು ಮಾಡಿ. ಕೊನೆಗೆ ಓಡಾಡಿದರೆ ಆಗುವ ಕೆಲಸ ಅಲ್ಲ ಇದು.

ಯಾವ ತಿಂಗಳು

ತೋಟ ಇರುವವರಿಗೆ ನಾನು ಹೇಳುವುದು ಮೇ. ಅಡಿಕೆ ಕೊಯ್ಲು ಮುಗಿದಿರುತ್ತದೆ, ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಷ್ಟರಲ್ಲಿ ವಾಪಸ್ ಬರಬಹುದು. ಕಾಫಿಯವರಿಗೂ ಅಷ್ಟೇ, ಹೂಮಳೆ ಗಲಾಟೆ ಮುಗಿದಿರುತ್ತದೆ. ಮೇ ತಿಂಗಳಲ್ಲಿ ಅಲ್ಲಿ ಗೋರ್ಸ್ ಅನ್ನುವ ಮುಳ್ಳುಪೊದೆ ಮೈತುಂಬ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಚೆಂಡು ಅದರೊಳಗೆ ಹೋದರೆ ಮಾತ್ರ ಆಸೆ ಬಿಟ್ಟುಬಿಡಿ, ಕೈ ಹಾಕಬೇಡಿ. ರಾತ್ರಿ ಒಂಬತ್ತರ ತನಕ ಬೆಳಕು ಇರುತ್ತದೆ, ಜೂನ್‌ನಲ್ಲಿ ಹತ್ತರ ತನಕ.

ಒಂದು ಎಚ್ಚರಿಕೆ. ಓಪನ್ ಚಾಂಪಿಯನ್‌ಶಿಪ್ ಅನ್ನುವ ದೊಡ್ಡ ಗಾಲ್ಫ್ ಪಂದ್ಯ ಇಲ್ಲಿ 30 ಸಲ ನಡೆದಿದೆ, ಕೊನೆಯದು 2022ರಲ್ಲಿ ನಡೆದ 150ನೇ ಓಪನ್. 2027ರ ಜುಲೈಗೆ ಮತ್ತೆ ಇಲ್ಲೇ ನಿಗದಿ ಆಗಿದೆ. ಆ ದಿನಗಳ ಹಿಂದೆ ಮುಂದೆ ಆಡುವ ಯೋಚನೆ ಇಟ್ಟುಕೊಳ್ಳಬೇಡಿ.

ವೀಸಾ: ಪಹಣಿಯನ್ನು ಇಂಗ್ಲಿಷ್ ಮಾಡಿಸಿ

ಬ್ರಿಟನ್ನಿನ ಸಾಮಾನ್ಯ ಪ್ರವಾಸಿ ವೀಸಾ ಸಾಕು, ಆರು ತಿಂಗಳಿನದು. ಅರ್ಜಿ ಆನ್‌ಲೈನ್, ಬೆರಳಚ್ಚು ಬೆಂಗಳೂರಲ್ಲಿ. ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ, ನೀವು ಎರಡು ತಿಂಗಳು ಮೊದಲೇ ಹಾಕಿ. ಸಂಬಳದವರಿಗೆ ಇದು ಸುಲಭ. ಕೃಷಿಕರಿಗೆ ಆದಾಯ ತೋರಿಸುವುದೇ ತಲೆನೋವು. ನಾವು ಪಹಣಿ, ಅಡಿಕೆ ಮಂಡಿಯ ಪಟ್ಟಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಕೊಟ್ಟೆವು. ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಖಾತೆಗೆ ದುಡ್ಡು ಒಮ್ಮೆಲೇ ಬಂದಿದ್ದರೆ ಅದು ಯಾವ ಬೆಳೆಯ ಮಾರಾಟದ್ದು ಅಂತ ಒಂದು ಪತ್ರದಲ್ಲಿ ಬಿಡಿಸಿ ಬರೆಯಿರಿ.

ಆಡುವ ಸಮಯ ಸಿಗೋದು ಚೀಟಿ ಎತ್ತಿದ ಹಾಗೆ

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಖಾತ್ರಿ ಸಮಯ ಕೊಡಿಸುತ್ತೇನೆ ಅಂದ ಏಜೆಂಟ್ ಒಬ್ಬರಿಗೆ ಮುಂಗಡ ಕೊಟ್ಟೆವು. ಹೊರಡಲು ಇಪ್ಪತ್ತು ದಿನ ಇರುವಾಗ ಅವರು ಆಗುವುದಿಲ್ಲ ಅಂದರು. ಮುಂಗಡ ವಾಪಸ್ ಬಂತು, ನೆಮ್ಮದಿ ಹೋಯಿತು. ಖಾತ್ರಿ ಸಮಯದ ಪ್ಯಾಕೇಜುಗಳು ನಿಜವಾಗಿಯೂ ಇವೆ, ಆದರೆ ಟ್ರಸ್ಟ್ ಒಪ್ಪಿದ ಏಜೆಂಟರೇ ಅದನ್ನು ಮಾರಬೇಕು. ದುಡ್ಡು ಕೊಡುವ ಮುಂಚೆ ಟ್ರಸ್ಟ್‌ಗೇ ಒಂದು ಮೇಲ್ ಹಾಕಿ ಕೇಳಿಕೊಳ್ಳಿ.

ನಮಗೆ ಕೈ ಹಿಡಿದದ್ದು ಬ್ಯಾಲಟ್, ಅಂದರೆ ಹೆಸರು ಕೊಟ್ಟವರಲ್ಲಿ ಚೀಟಿ ಎತ್ತುವುದು. ಎಲ್ಲರಿಗೂ ತೆರೆದಿರುವ ದಾರಿ ಅದೇ. ಆಡುವ ದಿನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ 2 ಗಂಟೆಯೊಳಗೆ ಹೆಸರು ಕೊಡಬೇಕು. ಸೋಮವಾರ ಆಡಬೇಕೆಂದರೆ ಶನಿವಾರ. ಕನಿಷ್ಠ ಇಬ್ಬರು, ಹೆಚ್ಚೆಂದರೆ ನಾಲ್ವರು. ಹೆಸರು ಕೊಡಲು ದುಡ್ಡಿಲ್ಲ, ಫೋನಿನಲ್ಲೇ ಆಗುತ್ತದೆ, ಸಂಜೆ ಫಲಿತಾಂಶ ಬರುತ್ತದೆ. ಒಬ್ಬರೇ ಹೋದವರಿಗೆ ಬೇರೆ ವ್ಯವಸ್ಥೆ ಇದೆ, ಹಿಂದಿನ ದಿನ ಅಲ್ಲಿಗೇ ಹೋಗಿ ಹೆಸರು ಕೊಟ್ಟರೆ ಅದರಲ್ಲೂ ಡ್ರಾ ಎತ್ತುತ್ತಾರೆ.

ಹಾಗಾಗಿ ಊರಲ್ಲಿ ಕನಿಷ್ಠ ಐದು ರಾತ್ರಿ ಉಳಿಯುವ ಹಾಗೆ ಹೋಗಿ, ದಿನಾ ಹೆಸರು ಕೊಡಿ. ನಮಗೆ ಮೂರನೇ ಸಲಕ್ಕೆ ಬಂತು. ಆ ಸಂಜೆ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದೆ, ಭಾವ ಫೋನ್ ಹಿಡಿದುಕೊಂಡು ಓಡಿ ಬಂದ. "ಬಂತು ಕಣೋ, ಬಂತು!" ಇಬ್ಬರ ಕಣ್ಣಲ್ಲೂ ನೀರು.

ಬೇಸಿಗೆಯಲ್ಲಿ ಓಲ್ಡ್ ಕೋರ್ಸ್‌ನ ಶುಲ್ಕ ಒಬ್ಬರಿಗೆ 300 ಪೌಂಡ್ ದಾಟುತ್ತದೆ. ಕಡಿಮೆ ಅಲ್ಲ. ಬ್ಯಾಲಟ್ ಬಾರದ ದಿನ ಸುಮ್ನೆ ಕೂರಬೇಡಿ, ನ್ಯೂ ಮತ್ತು ಜುಬಿಲಿ ಆಡಿ, ಅವು ಮೊದಲೇ ಕಾಯ್ದಿರಿಸಲು ಸಿಗುತ್ತವೆ, ಶುಲ್ಕ ಎಷ್ಟೋ ಕಡಿಮೆ, ನೆಲ ಗಾಳಿ ಎಲ್ಲ ಅದೇ. ಹಣ ಬಿಗಿ ಇದ್ದರೆ ಅಥವಾ ಆಟ ಬಾರದ ಮನೆಯವರು ಜೊತೆಗಿದ್ದರೆ ಹಿಮಾಲಯಾಸ್ ಅಂತ ಒಂದು ಪಟ್ಟಿಂಗ್ ಮೈದಾನ (ಚೆಂಡನ್ನು ಮೆತ್ತಗೆ ಉರುಳಿಸಿ ಗುಳಿಗೆ ಹಾಕುವ ಜಾಗ) ಇದೆ, ಮಹಿಳೆಯರ ಪಟ್ಟಿಂಗ್ ಕ್ಲಬ್ಬಿನದು, 1867ರಿಂದ ಇದೆ. ಗುಡ್ಡ ತಗ್ಗು ಗುಡ್ಡ ತಗ್ಗು ಇರುವ ಹುಲ್ಲು. ಕೆಲವೇ ಪೌಂಡ್ ಕೊಟ್ಟರೆ ಕೋಲು, ಚೆಂಡು ಅವರೇ ಕೊಡುತ್ತಾರೆ. ಮಕ್ಕಳಿಗೂ ಅಜ್ಜಿಯರಿಗೂ ಆಗುತ್ತದೆ.

ದಾರಿ

ಬೆಂಗಳೂರಿಂದ ಎಡಿನ್‌ಬರಾಕ್ಕೆ ಒಂದು ಕಡೆ ವಿಮಾನ ಬದಲಿಸಿ ಹೋಗಬಹುದು. ಅಲ್ಲಿಂದ ರೈಲಿನಲ್ಲಿ ಲೂಕರ್ಸ್ ನಿಲ್ದಾಣಕ್ಕೆ ಸುಮಾರು ಒಂದು ಗಂಟೆ, ದಾರಿಯಲ್ಲಿ 1890ರ ಕೆಂಪು ಫೋರ್ತ್ ಸೇತುವೆ ಸಿಗುತ್ತದೆ. ಲೂಕರ್ಸ್‌ನಲ್ಲಿ ಇಳಿದು 99 ನಂಬರ್ ಬಸ್ಸು ಹತ್ತಿದರೆ ಸೇಂಟ್ ಆಂಡ್ರ್ಯೂಸ್. ಗಾಲ್ಫ್ ಕಿಟ್ ಹೊತ್ತುಕೊಂಡು ಹೋಗುವುದು ಬೇಡ ಅನಿಸಿದರೆ ಅಲ್ಲೇ ಬಾಡಿಗೆಗೆ ಸಿಗುತ್ತದೆ. ನಾವು ಬಾಡಿಗೆಗೇ ತೆಗೆದುಕೊಂಡೆವು. ಶೂ ಮಾತ್ರ ನಿಮ್ಮದೇ, ಹಾಕಿ ಪಳಗಿದ್ದು.

ಬಟ್ಟೆ ವಿಷಯದಲ್ಲಿ ನಾವು ಮಲೆನಾಡಿನವರು ಮಳೆಗೆ ಹೆದರುವವರಲ್ಲ. ಆದರೆ ಅಲ್ಲಿನ ಮಳೆ ನೇರ ಬೀಳುವುದಿಲ್ಲ, ಅಡ್ಡ ಹೊಡೆಯುತ್ತದೆ. ಛತ್ರಿ ಕೆಲಸಕ್ಕೆ ಬಾರದು. ಗಾಳಿ ಒಳಗೆ ನುಗ್ಗದ ಜರ್ಕಿನ್, ಮಳೆ ಪ್ಯಾಂಟು, ಉಣ್ಣೆ ಟೋಪಿ, ಎರಡು ಜೊತೆ ಗ್ಲೌಸ್. ಒಮ್ಮೊಮ್ಮೆ ಸಮುದ್ರದಿಂದ ಹಾರ್ ಅನ್ನುವ ಮಂಜು ಏಳುತ್ತದೆ, ಆಗುಂಬೆ ಘಾಟಿಯಲ್ಲಿ ಬರುತ್ತದಲ್ಲ ಹಾಗೆ, ನಿಮಿಷದಲ್ಲಿ ಎದುರಿನವರು ಕಾಣುವುದಿಲ್ಲ.

ಹೊರಡುವ ಮುಂಚೆ ಒಣ ಮೈದಾನದಲ್ಲಿ ಅಭ್ಯಾಸ

ಇದನ್ನು ದಯವಿಟ್ಟು ಮಾಡಿ. ನಮ್ಮ ಕಡೆ ಮೈದಾನದಲ್ಲಿ ಚೆಂಡು ಎತ್ತರ ಹೋಗಿ ಮೆತ್ತಗಿನ ನೆಲದ ಮೇಲೆ ಬಿದ್ದರೆ ಅಲ್ಲೇ ಕೂರುತ್ತದೆ, ಮಳೆಗಾಲದಲ್ಲಂತೂ ಹೂತೇ ಹೋಗುತ್ತದೆ. ಸುತ್ತ ಮರ ಇರುವುದರಿಂದ ಗಾಳಿಯೂ ಅಷ್ಟು ತಾಗುವುದಿಲ್ಲ. ಲಿಂಕ್ಸ್‌ನಲ್ಲಿ ಎಲ್ಲ ಉಲ್ಟಾ. ಒಂದು ಮರ ಇಲ್ಲ. ಎತ್ತರ ಹೊಡೆದ ಚೆಂಡನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ, ಬಿದ್ದ ಮೇಲೂ ಅದು ನಿಲ್ಲದೆ ನೆಲದ ಇಳಿಜಾರು ಹಿಡಿದು ಎಲ್ಲಿಗೋ ಉರುಳುತ್ತದೆ. ಮೊದಲ ದಿನ ಜುಬಿಲಿಯಲ್ಲಿ ನನಗೆ ಆಗಿದ್ದು ಇದೇ. ಊರಲ್ಲಿ ಹೊಡೆಯುವ ಹಾಗೇ ವೆಡ್ಜ್ ಅನ್ನುವ ಕೋಲು ತೆಗೆದು ಎತ್ತಿ ಹೊಡೆದೆ, ಒಂಬತ್ತು ಚೆಂಡು ಕಳೆದೆ.

ಅಲ್ಲಿ ಬೇಕಾದದ್ದು ತಗ್ಗಿನ ಹೊಡೆತ. 7 ಐರನ್ ಅನ್ನುವ ಕೋಲು ಹಿಡಿದು, ಚೆಂಡನ್ನು ಹಿಂದಿನ ಕಾಲಿನ ಕಡೆಗೆ ಇಟ್ಟುಕೊಂಡು, ಅರ್ಧ ಬೀಸಿನಲ್ಲಿ ನೆಲದ ಮೇಲೇ ಓಡಿಸಬೇಕು. ಗ್ರೀನ್‌ಗೆ, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಜಾಗಕ್ಕೆ, ಮೂವತ್ತು ಗಜ ದೂರ ಇದ್ದರೂ ಚೆಂಡು ಉರುಳಿಸುವ ಕೋಲು ಪಟ್ಟರ್‌ನಲ್ಲಿ ತಳ್ಳಿದರೆ ಆಗುತ್ತದೆ, ಯಾರೂ ನಗುವುದಿಲ್ಲ, ಅಲ್ಲಿಯವರೂ ಹಾಗೇ ಆಡುತ್ತಾರೆ. ಅಭ್ಯಾಸಕ್ಕೆ ಮಾರ್ಚ್-ಏಪ್ರಿಲ್‌ನಲ್ಲಿ ಒಣಗಿ ಕಲ್ಲಿನಂತೆ ಆಗಿರುವ ನಮ್ಮ ಯಾವುದೇ ಶಾಲೆ ಮೈದಾನ ಸಾಕು. ಮಕ್ಕಳಿಲ್ಲದ ಹೊತ್ತು ನೋಡಿ, ಕೇಳಿಕೊಂಡು ಹೋಗಿ. ಚೆಂಡು ಎಲ್ಲಿ ಬೀಳುತ್ತದೆ ಅಂತಲ್ಲ, ಎಲ್ಲಿ ನಿಲ್ಲುತ್ತದೆ ಅಂತ ನೋಡುವ ರೂಢಿ ಕಣ್ಣಿಗೆ ಆಗಬೇಕು.

ಆಡುವ ದಿನ

ಓಲ್ಡ್ ಕೋರ್ಸ್‌ನಲ್ಲಿ ಗಾಡಿ ಇಲ್ಲ, ನಡೆಯಬೇಕು. ಹದಿನೆಂಟು ಹೋಲ್ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಚೆಂಡು ಹುಡುಕುತ್ತಾ ನಿಲ್ಲಲು ಬಿಡುವುದಿಲ್ಲ. ಕಿಟ್ ಹೊತ್ತು, ಎಲ್ಲಿಗೆ ಹೊಡೆಯಬೇಕು ಅಂತ ಹೇಳುವ ಕ್ಯಾಡಿ ಇಬ್ಬರಿಗೆ ಒಬ್ಬನಾದರೂ ಇರಲಿ. ಇದಕ್ಕೆ ಖರ್ಚು ಮಾಡಿದ್ದು ವ್ಯರ್ಥ ಅಂತ ನನಗೆ ಒಂದು ಕ್ಷಣವೂ ಅನಿಸಲಿಲ್ಲ.

ಮೊದಲ ಟೀಯಲ್ಲಿ, ಅಂದರೆ ಆಟ ಶುರು ಮಾಡುವ ಜಾಗದಲ್ಲಿ, ನಿಂತಾಗ ಕೈ ನಡುಗುತ್ತದೆ. ಹಿಂದೆ ಕಲ್ಲಿನ ದೊಡ್ಡ ಕ್ಲಬ್‌ಹೌಸ್, ಪಕ್ಕದಲ್ಲಿ ನೋಡುತ್ತಾ ನಿಂತ ಜನ. ಆದರೆ ಮುಂದಿರುವ ಜಾಗ ಬಹಳ ಅಗಲ, 1 ಮತ್ತು 18ನೇ ಹೋಲ್ ಎರಡಕ್ಕೂ ಒಂದೇ ಬಯಲು. ಧೈರ್ಯವಾಗಿ ಹೊಡೆಯಿರಿ. ಗ್ರೀನ್ ಮುಂದೆಯೇ ಸ್ವಿಲ್ಕನ್ ಹಳ್ಳ ಹರಿಯುತ್ತದೆ, ಎರಡನೇ ಹೊಡೆತಕ್ಕೆ ಅದನ್ನು ದಾಟಿಸಲು ಒಂದು ನಂಬರ್ ದೊಡ್ಡ ಕೋಲು ತೆಗೆದುಕೊಳ್ಳಿ.

ಆಮೇಲೆ ಎಲ್ಲೆಡೆ ಒಂದೇ ಮಂತ್ರ, ಎಡಕ್ಕೆ ಹೊಡೆಯಿರಿ. ಹೋಗುವಾಗ ಬಲಗಡೆ ಗೋರ್ಸ್ ಪೊದೆ, ಎಡಗಡೆ ಬರುವವರ ಬಯಲು. ನಮ್ಮ ಕ್ಯಾಡಿ ಇದನ್ನು ಹದಿನೈದು ಸಲವಾದರೂ ಹೇಳಿದ.

ಗ್ರೀನ್‌ಗಳಲ್ಲಿ ಏಳು ಜೋಡಿ ಹೋಲ್‌ಗಳಿಗೆ ಹಂಚಿಕೊಂಡವು. ಹೋಗುವ ಹೋಲ್‌ಗೂ ಬರುವ ಹೋಲ್‌ಗೂ ಒಂದೇ ಗ್ರೀನ್, ಎರಡು ಬಾವುಟ. ಹೋಗುವವರಿಗೆ ಬಿಳಿ, ಬರುವವರಿಗೆ ಕೆಂಪು. ಎರಡು ಹೋಲ್‌ಗಳ ನಂಬರ್ ಕೂಡಿದರೆ ಯಾವಾಗಲೂ 18 ಬರುತ್ತದೆ. 2ಕ್ಕೆ 16, 3ಕ್ಕೆ 15, ಹೀಗೆ. ಬಾವುಟ ತಪ್ಪಿ ಹೊಡೆದರೆ ಐವತ್ತು ಗಜದ ಪಟ್ ಎದುರಿಗಿರುತ್ತದೆ.

ಬಂಕರ್‌ಗಳು, ಅಂದರೆ ಮರಳಿನ ಗುಂಡಿಗಳು, 112. ನಮ್ಮಲ್ಲಿನ ಹಾಗೆ ಹರಡಿದ ಮರಳಲ್ಲ, ಬಾವಿಯಂತೆ ಇಳಿದ ಗುಂಡಿಗಳು, ಗೋಡೆಗೆ ಹುಲ್ಲಿನ ಹೆಂಟೆ ಪೇರಿಸಿರುತ್ತಾರೆ. ಗಾಳಿಗೆ ಕುರಿಗಳು ಒತ್ತಿ ಕೂತು ಕೂತು ಆದ ಗುಂಡಿಗಳು ಅಂತ ಹೇಳುತ್ತಾರೆ. ಒಂದೊಂದಕ್ಕೂ ಹೆಸರಿದೆ, 14ನೇ ಹೋಲ್‌ನಲ್ಲಿ ಇರುವುದು ಹೆಲ್, ಅಂದರೆ ನರಕ. ಬಿದ್ದರೆ ಬಾವುಟದ ಕಡೆ ನೋಡಲೇಬೇಡಿ. ಪಕ್ಕಕ್ಕೋ ಹಿಂದಕ್ಕೋ ಒಂದೇ ಹೊಡೆತದಲ್ಲಿ ಹೊರಗೆ ಬನ್ನಿ. ಭಾವ ನರಕದೊಳಗಿಂದ ಮುಂದಕ್ಕೇ ಹೊಡೆಯುತ್ತೇನೆ ಅಂತ ಹಟ ಮಾಡಿದ, ನಾಲ್ಕು ಹೊಡೆತ ಹೋಯಿತು, ಐದನೆಯದಕ್ಕೆ ಹಿಂದಕ್ಕೆ ಹೊಡೆದ.

17ನೆಯದು ರೋಡ್ ಹೋಲ್, ದೊಡ್ಡ ಪಂದ್ಯಗಳಲ್ಲಿ 495 ಗಜ, ಪಾರ್ 4. ಮೊದಲ ಹೊಡೆತವನ್ನು ಹೋಟೆಲಿನ ಹಸಿರು ಶೆಡ್ಡಿನ ಮೇಲಿಂದ ದಾಟಿಸಬೇಕು. ಗ್ರೀನ್ ಹಿಂದೆ ರಸ್ತೆ, ಅದರಾಚೆ ಕಲ್ಲಿನ ಗೋಡೆ. ಚೆಂಡು ರಸ್ತೆಗೆ ಹೋದರೆ ರಸ್ತೆಯಿಂದಲೇ ಆಡಬೇಕು, ಎತ್ತಿ ಇಡಲು ನಿಯಮ ಬಿಡುವುದಿಲ್ಲ. ನಮ್ಮಂಥವರು ಐದೋ ಆರೋ ಆದರೆ ಸಂತೋಷ ಪಡಬೇಕು.

18ರಲ್ಲಿ ಬರುತ್ತದೆ ಸ್ವಿಲ್ಕನ್ ಸೇತುವೆ. ಸೇತುವೆ ಅಂದರೆ ದೊಡ್ಡದೇನಲ್ಲ, ನಮ್ಮ ಕಡೆಯ ಕಲ್ಲುಸಂಕದ ಹಾಗೆ, ಮೂವತ್ತು ಅಡಿ ಇರಬಹುದು. ಕುರಿ ದಾಟಿಸಲು ಏಳುನೂರು ವರ್ಷದ ಹಿಂದೆ ಕಟ್ಟಿದ್ದು ಅಂತಾರೆ. 2023ರಲ್ಲಿ ಅದರ ಬುಡಕ್ಕೆ ಹೊಸ ಕಲ್ಲು ಹಾಸಿದಾಗ ಜಗತ್ತಿನ ಮೂಲೆ ಮೂಲೆಯಿಂದ ಜನ ಬೈದರು, ಕೆಲವೇ ದಿನದಲ್ಲಿ ಕಿತ್ತು ಹಾಕಿದರು. ಫೋಟೊ ತೆಗೆಸಿಕೊಳ್ಳಿ, ಆದರೆ ಬೇಗ, ಹಿಂದೆ ಆಡುವವರು ಕಾಯುತ್ತಿರುತ್ತಾರೆ. ಮುಂದೆ ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಅನ್ನುವ ರಸ್ತೆ ಮೈದಾನವನ್ನೇ ಹಾದುಹೋಗುತ್ತದೆ. ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡ ತಾಯಿ ದಾಟುವ ತನಕ ನಾವು ಕೋಲು ಹಿಡಿದು ನಿಂತೆವು. ಅವಳ ಊರು, ಅವಳ ದಾರಿ.

ಕ್ಲಬ್‌ಹೌಸ್ ಯಾವುದು, ಒಳಗೆ ಯಾರನ್ನು ಬಿಡುತ್ತಾರೆ

ಚಿತ್ರಗಳಲ್ಲಿ ಎಲ್ಲರೂ ನೋಡಿರುವ ಕಲ್ಲಿನ ಕಟ್ಟಡ 1854ರದು, ರಾಯಲ್ ಅಂಡ್ ಏನ್ಶಿಯಂಟ್ ಗಾಲ್ಫ್ ಕ್ಲಬ್ಬಿನದು. ಆ ಕ್ಲಬ್ ಶುರುವಾಗಿದ್ದು 1754ರಲ್ಲಿ, ಹೆಂಗಸರನ್ನು ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ, ಅಷ್ಟು ತಡ ಮಾಡಿದ್ದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದು ಸದಸ್ಯರಿಗೆ ಮಾತ್ರ. ಒಳಗೆ ಹೋಗಲು ಪ್ರಯತ್ನಿಸಬೇಡಿ. ನೆಲ ಮಾತ್ರ ಅವರದಲ್ಲ, ಅವರೂ ಅದೇ ನೆಲದ ಮೇಲೆ ಆಡುವ ಒಂದು ಕ್ಲಬ್ ಅಷ್ಟೇ.

ನಮಗೆ ಬೇಕಾದದ್ದು ಲಿಂಕ್ಸ್ ಕ್ಲಬ್‌ಹೌಸ್, 1995ರಲ್ಲಿ ಕಟ್ಟಿದ್ದು. ಎಲ್ಲರಿಗೂ ಬಾಗಿಲು ತೆರೆದಿದೆ. ಲಾಕರ್, ಬಿಸಿನೀರಿನ ಸ್ನಾನ, ಅಂಗಡಿ, ಊಟ ಎಲ್ಲ ಇದೆ. ಒಳಗೆ ಹೋದ ಕೂಡಲೇ ಟೋಪಿ ತೆಗೆಯಿರಿ. ಸಸ್ಯಾಹಾರಿಗಳು ಸೂಪ್ ವಿಷಯದಲ್ಲಿ ಕೇಳಿಯೇ ತೆಗೆದುಕೊಳ್ಳಿ, ಸ್ಕಾಚ್ ಬ್ರಾತ್‌ನಲ್ಲಿ ಬಾರ್ಲಿ ತರಕಾರಿ ಕಂಡರೂ ಕುರಿ ಮಾಂಸದ ರಸ ಇರುತ್ತದೆ. ಹ್ಯಾಗಿಸ್ ಅಂದರೆ ಕುರಿಯ ಒಳಭಾಗಗಳಿಂದ ಮಾಡಿದ್ದು, ಸಸ್ಯಾಹಾರದ ಹ್ಯಾಗಿಸ್ ಕೂಡ ಆ ದೇಶದಲ್ಲಿ ಸುಲಭವಾಗಿ ಸಿಗುತ್ತದೆ. ಮೀನು ತಿನ್ನುವವರು ಕಲನ್ ಸ್ಕಿಂಕ್ ಎಲ್ಲಿ ಸಿಕ್ಕರೂ ಬಿಡಬೇಡಿ, ಹೊಗೆ ಹಾಕಿದ ಮೀನು, ಆಲೂಗಡ್ಡೆ, ಹಾಲು ಹಾಕಿ ಮಾಡಿದ ಬಿಸಿ ಸೂಪು. ಚಳಿಗಾಳಿಯಲ್ಲಿ ನಾಲ್ಕು ಗಂಟೆ ನಡೆದು ಬಂದ ಮೈಗೆ ಅದು ನಮ್ಮ ಮೆಣಸಿನ ಸಾರಿನಷ್ಟೇ ಹಿತ.

ಭಾನುವಾರ ಉಳಿಯುವ ಹಾಗೆ ಟಿಕೆಟ್ ಮಾಡಿಸಿ

ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಆಟ ಇಲ್ಲ. ದೊಡ್ಡ ಪಂದ್ಯ ಇದ್ದರೆ ಮಾತ್ರ ಬೇರೆ. 1821ರಲ್ಲಿ ಇದೇ ಊರಲ್ಲಿ ಹುಟ್ಟಿ, ಬಹಳ ಕಾಲ ಈ ನೆಲ ನೋಡಿಕೊಂಡ ಓಲ್ಡ್ ಟಾಮ್ ಮಾರಿಸ್, ಆಟಗಾರರಿಗೆ ವಿಶ್ರಾಂತಿ ಬೇಡವಾದರೂ ನೆಲಕ್ಕೆ ಬೇಕು ಅನ್ನುತ್ತಿದ್ದನಂತೆ. ಭೂಮಿ ಹುಣ್ಣಿಮೆ ದಿನ ನಮ್ಮ ಮನೆಯಲ್ಲಿ ಗುದ್ದಲಿ ಮುಟ್ಟುವುದಿಲ್ಲ, ನನಗೆ ಅದೇ ನೆನಪಾಯಿತು.

ಆ ದಿನ ಇಡೀ ಊರು ಮೈದಾನಕ್ಕೆ ಬರುತ್ತದೆ. ನಾಯಿ ಓಡಿಸುವವರು, ಮಕ್ಕಳು, ಕೈಹಿಡಿದು ನಡೆಯುವ ವಯಸ್ಸಾದ ದಂಪತಿ. ಟಿಕೆಟ್ ಇಲ್ಲ, ಯಾರೂ ಕೇಳುವುದಿಲ್ಲ. ಹಾಗಾಗಿ ಗಾಲ್ಫ್ ಗೊತ್ತೇ ಇಲ್ಲದವರೂ, ಮಗ-ಮಗಳನ್ನು ನೋಡಲು ಬ್ರಿಟನ್ನಿಗೆ ಹೋದ ಅಪ್ಪ-ಅಮ್ಮಂದಿರೂ ಒಂದು ಭಾನುವಾರ ಇಲ್ಲಿಗೆ ಬರಬಹುದು. ಬೆಳಿಗ್ಗೆ ಏಳರೊಳಗೆ ಹೋದರೆ ಸಂಕದ ಮೇಲೆ ಯಾರೂ ಇರುವುದಿಲ್ಲ. 18ರಿಂದ ಹಿಂದಕ್ಕೆ ನಡೆಯುತ್ತಾ ಹೋಗಿ, ರೋಡ್ ಹೋಲ್‌ನ ಗುಂಡಿ ಹತ್ತಿರ ನಿಂತು ನೋಡಿ. ಗ್ರೀನ್ ಮೇಲೆ ಕಾಲಿಡಬೇಡಿ, ಬಂಕರ್ ಒಳಗೆ ಇಳಿಯಬೇಡಿ. ವಾಪಸ್ ಬರುವಾಗ ಪಕ್ಕದ ವೆಸ್ಟ್ ಸ್ಯಾಂಡ್ಸ್ ಮರಳಿನ ಮೇಲೆ ಬನ್ನಿ, ಶೂ ಕೈಯಲ್ಲಿ ಹಿಡಿದು. ನೀರು ಮಾತ್ರ ಮೇ ತಿಂಗಳಲ್ಲೂ ತುಂಗೆಯ ಜನವರಿ ನೀರಿಗಿಂತ ತಣ್ಣಗಿರುತ್ತದೆ. ಭಾನುವಾರ ಬಸ್ಸುಗಳು ಕಡಿಮೆ, ಲೂಕರ್ಸ್‌ಗೆ ಹೋಗುವ 99ರ ಸಮಯ ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ.